ಕೂಣಿ ಹಿಡಿದು ಕೆರೆಗೆ ಇಳಿದ ಕತೆ

ಮೊದಲೇ ಒಂದು ಮಾತು ಹೇಳಿಬಿಡ್ತೀವಿ. ಈ ಬರಹದಲ್ಲಿ 'ನಾವು' ಅಂದ್ರೆ ಇಬ್ಬರು. ಒಬ್ಬ ಮೆಕ್ಯಾನಿಕಲ್, ಇನ್ನೊಬ್ಬ ಕಂಪ್ಯೂಟರ್ ಸೈನ್ಸ್, ಇಬ್ಬರೂ ಸೆಕೆಂಡ್ ಇಯರ್. ನಮ್ಮ ಅಮ್ಮಂದಿರು ಅಕ್ಕ-ತಂಗಿ. ಇಬ್ಬರ ಮನೆಯೂ ಶಿಕಾರಿಪುರ ಪೇಟೆಯಲ್ಲಿ, ಅಜ್ಜನ ಮನೆ ಸೊರಬ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಒಬ್ಬ ಟೈಪ್ ಮಾಡ್ತಿದ್ದಾನೆ, ಇನ್ನೊಬ್ಬ ಪಕ್ಕದಲ್ಲಿ ಕೂತು "ಅದಕ್ಕೆ ಒತ್ತಕ್ಷರ ಬರುತ್ತೆ ಕಣೋ" ಅಂತ ಹೇಳ್ತಿದ್ದಾನೆ. ಇಬ್ಬರೂ ಎಲ್‌ಕೆಜಿಯಿಂದಲೇ ಇಂಗ್ಲಿಷ್ ಮೀಡಿಯಂ. ಹಾಗಾಗಿ ತಪ್ಪುಗಳಿಗೆ ಇಬ್ಬರೂ ಸಮಪಾಲು.

ಶುರುವಾಗಿದ್ದು ಹಾಸ್ಟೆಲ್ ರೂಮಿನಲ್ಲಿ. ಫೆಬ್ರವರಿಯ ಒಂದು ರಾತ್ರಿ ನಮ್ಮ ಮಂಡ್ಯದ ರೂಮ್‌ಮೇಟ್ ಒಂದು ವಿಡಿಯೋ ಹಾಕಿದ್ದ. ಸ್ಕಾಟ್ಲೆಂಡಿನ ಒಂದು ನದಿ. ದಡದಲ್ಲಿ ಇನ್ನೂ ಹಿಮ ಇದೆ. ಎದೆವರೆಗೂ ಬರುವ ರಬ್ಬರ್ ಪ್ಯಾಂಟು ಹಾಕಿಕೊಂಡ ಒಬ್ಬ ಮನುಷ್ಯ ಹರಿಯುವ ನೀರಿನ ನಡುವೆ ಒಬ್ಬನೇ ನಿಂತಿದ್ದಾನೆ. ಉದ್ದದ ಕೋಲನ್ನು ಹಿಂದಕ್ಕೆ ಮುಂದಕ್ಕೆ ಬೀಸ್ತಾನೆ, ದಾರ ಗಾಳಿಯಲ್ಲಿ ಹಾವಿನ ಥರ ಸುಳಿದು ನೀರಿನ ಮೇಲೆ ಹಗುರವಾಗಿ ಬೀಳುತ್ತೆ. ಅದರ ತುದಿಯಲ್ಲಿ ಎರೆಹುಳು ಇಲ್ಲ. ಹಕ್ಕಿ ಪುಕ್ಕ, ದಾರ ಸುತ್ತಿ ಮಾಡಿದ ಸುಳ್ಳು ನೊಣ. ಇದಕ್ಕೆ ಫ್ಲೈ ಫಿಶಿಂಗ್ ಅಂತಾರಂತೆ. ಅಲ್ಲಿಯ ಟೇ ನದಿಯಲ್ಲಿ ಸಾಲ್ಮನ್ ಹಿಡಿಯುವ ಸೀಸನ್ ಜನವರಿ 15ಕ್ಕೆ ಶುರುವಾಗುತ್ತೆ, ಮೊದಲ ದಿನ ಬ್ಯಾಗ್‌ಪೈಪ್ ಊದಿ ದೋಣಿಯ ಮೂತಿಗೆ ವಿಸ್ಕಿ ಸುರಿದು ಪೂಜೆ ಮಾಡ್ತಾರೆ. ವಿಡಿಯೋದವನಿಗೆ ಅರ್ಧ ಗಂಟೆ ಆದಮೇಲೆ ಒಂದು ಮೀನು ಸಿಕ್ತು. ಅದನ್ನು ಮಗುವಿನ ಹಾಗೆ ಎರಡು ಕೈಯಲ್ಲಿ ಹಿಡಿದು, ಫೋಟೋ ತೆಗೆಸಿಕೊಂಡು, ವಾಪಸ್ ನೀರಿಗೇ ಬಿಟ್ಟ.

"ಬಿಡೋದಾದ್ರೆ ಯಾಕೆ ಹಿಡೀಬೇಕಿತ್ತು?" ಅಂದ ರೂಮ್‌ಮೇಟ್. ಆಮೇಲೆ ನಮ್ಮ ಕಡೆ ತಿರುಗಿ, "ನಿಮ್ಮ ಮಲೆನಾಡಲ್ಲಿ ಮೀನು ಹೆಂಗ್ ಹಿಡೀತಾರೆ?" ಅಂತ ಕೇಳಿದ.

ನಾವು ಕೆರೆಬೇಟೆ ಬಗ್ಗೆ ಶುರು ಮಾಡಿದ್ವಿ. ಶುರು ಮಾಡಿದ್ದಷ್ಟೇ. 2024ರ ಮಾರ್ಚ್‌ನಲ್ಲಿ ಬಂದ 'ಕೆರೆಬೇಟೆ' ಸಿನಿಮಾ ನೋಡಿದ್ದ ಅವನಿಗೆ ನಮಗಿಂತ ಜಾಸ್ತಿ ಗೊತ್ತಿತ್ತು. "ಅದೇ ಬುಟ್ಟಿ ಥರದ್ದು ಹಿಡ್ಕೊಂಡು ಕೆರೆಗೆ ಇಳೀತಾರಲ್ಲ, ಅದನ್ನ ಹೆಂಗ್ ಮಾಡ್ತಾರೆ? ನೀವು ಇಳಿದಿದೀರಾ?" ಅಂದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡ್ವಿ. ಚಿಕ್ಕವರಿದ್ದಾಗ ಏರಿ ಮೇಲೆ ನಿಂತು ನೋಡಿದ್ದು ಬಿಟ್ಟರೆ ನಮ್ಮ ಕಾಲಿಗೆ ಕೆರೆಯ ಕೆಸರು ತಾಗಿದ್ದೇ ಇಲ್ಲ. ಬೇಸಿಗೆ ರಜೆ ಅಂದ್ರೆ ನಮಗೆ ಟ್ಯೂಷನ್, ಆಮೇಲೆ ಸಿಇಟಿ ಕ್ರ್ಯಾಶ್ ಕೋರ್ಸ್.

ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳ್ತೀವಿ. ಶಿಕಾರಿಪುರ, ಸೊರಬ ಎರಡೂ ಕೆರೆಗಳ ತಾಲ್ಲೂಕು. ನದಿಗಳೂ ಇವೆ. ಶಿಕಾರಿಪುರಕ್ಕೆ ಕುಮುದ್ವತಿ, ಸೊರಬಕ್ಕೆ ದಂಡಾವತಿ ಮತ್ತು ವರದಾ. ಆದರೆ ಗದ್ದೆಗೆ ನೀರು ಕೊಡೋದು ಹೆಚ್ಚಾಗಿ ಕೆರೆಗಳೇ. ಇದು ಇವತ್ತಿನ ಕತೆಯಲ್ಲ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಕಾಲದ ಒಂದು ಕಲ್ಲಿನ ಕಂಬ ಇದೆ, 5ನೇ ಶತಮಾನದ್ದು. ಅದರ ಮೇಲಿನ ಶಾಸನದಲ್ಲಿ ಮಯೂರಶರ್ಮನ ಕತೆ ಬರುತ್ತೆ ಅಂತ ಮಾತ್ರ ಸ್ಕೂಲಲ್ಲಿ ಓದಿದ್ವಿ. ಆದರೆ ಆ ಶಾಸನ ಬರೆಸಿದ ಕಾರಣವೇ ಕಾಕುಸ್ಥವರ್ಮ ಅಲ್ಲಿಯ ದೇವಸ್ಥಾನಕ್ಕೆ ಒಂದು ಕೆರೆ ಕಟ್ಟಿಸಿದ್ದು. ಒಂದೂವರೆ ಸಾವಿರ ವರ್ಷದ ಹಿಂದೆ ಇಲ್ಲಿ ಕೆರೆ ಕಟ್ಟೋದು ಕಂಬದ ಮೇಲೆ ಕೆತ್ತಿಸುವಷ್ಟು ದೊಡ್ಡ ಕೆಲಸ ಆಗಿತ್ತು.

ಮಳೆಗಾಲದಲ್ಲಿ ಕೆರೆ ತುಂಬುತ್ತೆ. ಆಗ ಊರವರು ಕಾಟ್ಲಾ, ರೋಹು, ಸಾಮಾನ್ಯ ಗೆಂಡೆಯ ಮರಿ ತಂದು ಬಿಡ್ತಾರೆ. ಕಾಟ್ಲಾ, ರೋಹುಗಳು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡಲ್ಲ, ಅವಕ್ಕೆ ಹರಿಯುವ ನೀರು ಬೇಕು. 1957ರ ಜುಲೈ 10ರಂದು ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಗಾರರು ಹಾರ್ಮೋನ್ ಇಂಜೆಕ್ಷನ್ ಕೊಟ್ಟು ಈ ಜಾತಿಯ ಮೀನುಗಳಿಂದ ಮೊಟ್ಟೆ ಇಡಿಸಿದರು. ಅದಾದ ಮೇಲೇ ದೇಶದ ಕೆರೆಗಳಿಗೆಲ್ಲ ಮರಿ ಸಿಗುವ ಹಾಗಾಗಿದ್ದು. ಒಂದು ವರ್ಷದಲ್ಲಿ ಕಾಟ್ಲಾ ಕೆ.ಜಿ. ತೂಗುತ್ತೆ. ಯುಗಾದಿ ಹೊತ್ತಿಗೆ ತೂಬಿನ ನೀರು ಗದ್ದೆಗೆ ಹೋಗಿ, ಬಿಸಿಲಿಗೆ ಆರಿ, ಕೆರೆಯಲ್ಲಿ ಸೊಂಟದ ಮಟ್ಟ, ಮೊಣಕಾಲ ಮಟ್ಟ ನೀರು ಉಳಿಯುತ್ತೆ. ಆಗ ಊರ ಕಮಿಟಿಯವರು ಒಂದು ದಿನ ಗೊತ್ತು ಮಾಡ್ತಾರೆ. ಮೊದಲು ಡಂಗುರ ಸಾರ್ತಿದ್ದರಂತೆ, ಈಗ ವಾಟ್ಸಾಪ್ ಸ್ಟೇಟಸ್. ಕೂಣಿಗೆ ಇಷ್ಟು ಅಂತ ದುಡ್ಡು ಕಟ್ಟಿ ಸುತ್ತಮುತ್ತಲ ಹಳ್ಳಿಯ ಯಾರು ಬೇಕಾದರೂ ಇಳೀಬಹುದು. ಬಂದ ದುಡ್ಡು ದೇವಸ್ಥಾನಕ್ಕೆ, ಊರ ಕೆಲಸಕ್ಕೆ.

ಕೂಣಿ ಅಂದ್ರೆ ಬಿದಿರಿನದ್ದು. ಎರಡೂ ಕಡೆ ಬಾಯಿ. ಕೆಳಗೆ ಅಗಲ, ಮೇಲೆ ಕಿರಿದು. ಕಾಲೇಜಿನ ಭಾಷೆಯಲ್ಲಿ ಹೇಳೋದಾದ್ರೆ ಫ್ರಸ್ಟಮ್ ಆಫ್ ಎ ಕೋನ್. ಅದನ್ನು ನೀರಿನಲ್ಲಿ ದಬಕ್ ಅಂತ ಕೆಸರಿಗೆ ಊರಬೇಕು. ಒಳಗೆ ಮೀನು ಸಿಕ್ಕಿದ್ರೆ ಕಡ್ಡಿಗೆ ಬಡಿಯುತ್ತೆ, ಅದು ಕೈಗೆ ಗೊತ್ತಾಗುತ್ತೆ. ಮೇಲಿನ ಬಾಯಿಂದ ಕೈ ಹಾಕಿ ಹಿಡಿದು ತೆಗೀಬೇಕು. ಗಾಳ ಇಲ್ಲ, ಬಲೆ ಇಲ್ಲ, ಅಷ್ಟೇ.

ನಮ್ಮ ಅಜ್ಜ ಊರಲ್ಲಿ ಕೂಣಿಗೆ ಹೆಸರಾದವನು. ಹಿಡಿಯೋದಕ್ಕೂ ಸೈ, ಕಟ್ಟೋದಕ್ಕೂ ಸೈ. ಹೋದ ವರ್ಷ ದೀಪಾವಳಿ ಮುಗಿದ ವಾರ ಅಜ್ಜನಿಗೆ ಲಕ್ವ ಹೊಡೀತು. ಮಾತು ಸ್ವಲ್ಪ ದಿನಕ್ಕೆ ವಾಪಸ್ ಬಂತು, ಕಾಲು ಕೋಲು ಹಿಡಿದು ನಡೆಯುವಷ್ಟು ಬಂತು, ಬಲಗೈ ಬರಲಿಲ್ಲ. ಯುಗಾದಿಗೆ ನಾವು ಹೋದಾಗ ಜಗಲಿ ಮೇಲೆ ಕೂತಿದ್ದ. ಬಲಗೈಯನ್ನು ಎಡಗೈಯಿಂದ ಎತ್ತಿ ತೊಡೆ ಮೇಲೆ ಇಟ್ಟುಕೊಂಡಿದ್ದ, ಅದು ಬೇರೆಯವರ ವಸ್ತು ಅನ್ನೋ ಹಾಗೆ. ಒಳಗೆ ಗೋಡೆಗೆ ಅಜ್ಜಿಯ ಭೂಮಣ್ಣಿ ಬುಟ್ಟಿ, ಅದರ ಪಕ್ಕ ಅಜ್ಜನ ಹಳೇ ಕೂಣಿ. ಕೂಣಿಗೆ ಕುಟ್ಟೆ ಹಿಡಿದು ಹಿಟ್ಟು ಉದುರ್ತಿತ್ತು.

"ಈ ಸಲ ಕೆರೆಬೇಟೆಗೆ ಮನೆ ಕೂಣಿ ಇಲ್ಲ," ಅಂದ ಅಜ್ಜ. ಅಷ್ಟೇ ಅಂದಿದ್ದು. ಮಾವನ ಹತ್ತಿರ ಕೊಂಡು ತಂದ ಕೂಣಿ ಇದೆ, ಆದರೆ ಅದನ್ನು ಅಜ್ಜ ಲೆಕ್ಕಕ್ಕೆ ಇಟ್ಟಿಲ್ಲ. ನಾವು ಮಾತಿನ ಭರದಲ್ಲಿ, "ಅಜ್ಜಾ, ನೀನು ಹೇಳಿಕೊಡು, ನಾವು ಕಟ್ತೀವಿ. ಇಂಜಿನಿಯರಿಂಗ್ ಓದ್ತಿಲ್ವಾ ನಾವು?" ಅಂದುಬಿಟ್ವಿ.

ಅಜ್ಜ ನಮ್ಮ ಕೈ ನೋಡಿದ. "ಕತ್ತಿ ಹಿಡಿದಿದ್ದೀರನ್ರೋ ಯಾವತ್ತಾದ್ರೂ?"

ಯುಗಾದಿಯ ಹಿಂದಿನ ದಿನ ಅಮಾವಾಸ್ಯೆ. ಅವತ್ತೇ ಬಿದಿರು ಕಡೀಬೇಕು ಅಂದ. ಅಮಾವಾಸ್ಯೆ ಹಿಂದೆಮುಂದೆ ಕಡಿದ ಬಿದಿರಿಗೆ ಕುಟ್ಟೆ ಬೇಗ ಹಿಡಿಯಲ್ಲ ಅನ್ನೋದು ಅಜ್ಜನ ಮಾತು. ಹಿತ್ತಲಿನ ಮೆಳೆಯಿಂದ ಮೂರು ವರ್ಷ ಬಲಿತ ಬಿದಿರನ್ನು ಮಾವ ತೋರಿಸಿಕೊಟ್ಟ. ಕಡಿಯೋಕೆ ನಮಗೆ ಒಂದು ಗಂಟೆ ಹಿಡೀತು. ಮುಳ್ಳು ತಾಗಿ ಮೈಯೆಲ್ಲ ಗೀರು.

ಆಮೇಲೆ ಅಳತೆ. ನಾವು ಟೇಪ್, ನೋಟ್‌ಬುಕ್ ಎಲ್ಲ ಹಿಡ್ಕೊಂಡು ಕೂತ್ವಿ. ಅಜ್ಜ ಹೇಳಿದ್ದು: ಎತ್ತರ ಎರಡು ಮೊಳ. ಕೆಳಬಾಯಿ ಮೂರು ಗೇಣು. ಮೇಲ್ಬಾಯಿ ತೋಳು ಹೋಗಬೇಕು, ತಲೆ ಹೋಗಬಾರದು. ಕಡ್ಡಿ ನಡುವೆ ಎರಡು ಬೆರಳು.

"ಗೇಣು ಅಂದ್ರೆ ಎಷ್ಟು ಸೆಂಟಿಮೀಟರ್ ಅಜ್ಜಾ? ಯಾರ ಗೇಣು?"

"ಯಾರು ಕೂಣಿ ಹಿಡೀತಾರೋ ಅವರ ಗೇಣು. ಮತ್ತೆ ಯಾರದ್ದು?"

ನಮಗೆ ಮೊದಲು ನಗು ಬಂತು. ಆಮೇಲೆ ಯೋಚನೆ ಮಾಡಿದ್ರೆ, ಉದ್ದ ಕೈಯವನಿಗೆ ಎತ್ತರದ ಕೂಣಿ, ಗಿಡ್ಡ ಕೈಯವನಿಗೆ ಗಿಡ್ಡ ಕೂಣಿ. ಬಗ್ಗಿ ಕೈ ಹಾಕಿದ್ರೆ ಬೆರಳು ನೆಲಕ್ಕೆ ಮುಟ್ಟಲೇಬೇಕಲ್ಲ. ನಮ್ಮ ಸಿಲಬಸ್‌ನಲ್ಲಿ ಇದಕ್ಕೆ ಎರ್ಗಾನಾಮಿಕ್ಸ್ ಅಂತ ಹೆಸರಿದೆ.

ಹಾಸ್ಟೆಲ್ ಬುದ್ಧಿ ಬಿಡಬೇಕಲ್ಲ, ರಾತ್ರಿ ಕೂತು ಲೆಕ್ಕ ಹಾಕಿದ್ವಿ. ನಮ್ಮ ಗೇಣು 22 ಸೆಂ.ಮೀ., ಕೆಳಬಾಯಿಯ ವ್ಯಾಸ 66 ಸೆಂ.ಮೀ., ಸುತ್ತಳತೆ ಸುಮಾರು 207. ಮೇಲ್ಬಾಯಿ 18 ಸೆಂ.ಮೀ., ಸುತ್ತಳತೆ ಸುಮಾರು 57. ಬೆಳಿಗ್ಗೆ 2 ಸೆಂ.ಮೀ. ಅಗಲದ ಕಡ್ಡಿ ಸೀಳಿ ಕಟ್ಟೋಕೆ ಶುರು ಮಾಡಿದ್ವಿ. ಮೇಲ್ಬಾಯಿಯಲ್ಲಿ 28 ಕಡ್ಡಿಗೇ ಜಾಗ ಮುಗೀತು. 28 ಕಡ್ಡಿಯನ್ನು ಕೆಳಗೆ ಹರಡಿದ್ರೆ ನಡುವೆ ಐದು ಸೆಂಟಿಮೀಟರ್‌ಗಿಂತ ಜಾಸ್ತಿ ಸಂದು. ಮೂರು ತಾಸು ಕಷ್ಟಪಟ್ಟು ಕಟ್ಟಿ ಅಜ್ಜನ ಮುಂದೆ ಇಟ್ವಿ. ಅಜ್ಜ ಸಂದಿನಲ್ಲಿ ಎಡಗೈ ಮುಷ್ಟಿ ತೂರಿಸಿ ಆಕಡೆ ತೆಗೆದ. "ಮೀನಿಗೆ ಬಾಗಿಲು ಇಟ್ಟಿದ್ದೀರಿ. ಬಾಡಿಗೆಗೂ ಕೊಡಬಹುದು," ಅಂದ. ಅಜ್ಜಿ ಒಳಗಿನಿಂದ ನಕ್ಕಿದ್ದು ಕೇಳಿಸ್ತು.

ಉಪಾಯ ಇಷ್ಟೇ. ಕಡ್ಡಿ ಒಂದೇ ಅಗಲ ಇರಬಾರದು. ತಲೆ ಕಡೆ ಕೆತ್ತಿ ಸಣ್ಣ ಮಾಡಬೇಕು, ಬುಡದ ಕಡೆ ಹಾಗೇ ಬಿಡಬೇಕು. ತಲೆ 1.2 ಸೆಂ.ಮೀ., ಬುಡ 2 ಸೆಂ.ಮೀ. ಮಾಡಿದ್ರೆ 44 ಕಡ್ಡಿ ಕೂರುತ್ತೆ, ಕೆಳಗಿನ ಸಂದು 2.7ಕ್ಕೆ ಇಳಿಯುತ್ತೆ. ಅಂದ್ರೆ ಸರಿಯಾಗಿ ಎರಡು ಬೆರಳು. ನಾವು ಕ್ಯಾಲ್ಕುಲೇಟರ್ ಹಿಡಿದು ಇಲ್ಲಿಗೆ ಬರೋ ಹೊತ್ತಿಗೆ ಅಜ್ಜ ಎಲೆ ಅಡಿಕೆ ಹಾಕಿ ಮುಗಿಸಿದ್ದ. ಸಂದು ಇನ್ನೂ ಸಣ್ಣ ಮಾಡಬಹುದಲ್ಲ ಅಂತ ಕೇಳಿದ್ವಿ. "ಮರಿ ಹೋಗಬೇಕಲ್ಲ ತಮಾ. ಎಲ್ಲಾ ನೀವೇ ತಿಂದ್ರೆ ಹೆಂಗೆ?" ಅಂದ.

ಕೆತ್ತುವಾಗ ಅಜ್ಜನ ಎಡಗೈ ಸುಮ್ಮನಿರ್ತಿರಲಿಲ್ಲ. "ಹಂಗಲ್ಲ, ಕತ್ತಿ ಮಲಗಿಸು, ಇನ್ನೂ ಮಲಗಿಸು" ಅಂತ ಗಾಳಿಯಲ್ಲೇ ತೋರಿಸ್ತಿದ್ದ. ಒಂದು ಸಲ ತಡೆಯೋಕಾಗದೆ ನಮ್ಮ ಕೈಯಿಂದ ಕತ್ತಿ ಕಸಿದುಕೊಂಡ. ಎಡಗೈಯಲ್ಲಿ ಕತ್ತಿ, ಕಡ್ಡಿ ಹಿಡಿಯೋಕೆ ಬಲಗೈ ಬರಬೇಕು. ಬರಲಿಲ್ಲ. ಕಡ್ಡಿ ಜಾರಿ ಅಂಗಳಕ್ಕೆ ಬಿತ್ತು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಆಮೇಲೆ ನಮ್ಮಲ್ಲೊಬ್ಬ ಎದ್ದು ಹೋಗಿ ಕಡ್ಡಿ ಎತ್ತಿ ಅಜ್ಜನ ಮುಂದೆ ಹಿಡಿದು ಕೂತ. ಅಜ್ಜ ಎಡಗೈಯಿಂದಲೇ ಕೆತ್ತಿದ. ಆ ಒಂದು ಕಡ್ಡಿ ಉಳಿದ 43ಕ್ಕಿಂತ ಸೊಟ್ಟಗಿದೆ. ಅದನ್ನೂ ಸೇರಿಸಿ ಕಟ್ಟಿದ್ವಿ.

ಮೂರು ದಿನ ಹಿಡೀತು. ಬೆತ್ತದಲ್ಲಿ ಕಟ್ಟೋಕೆ ನಮಗೆ ಬರಲಿಲ್ಲ, ನೈಲಾನ್ ದಾರ ಸುತ್ತಿದ್ವಿ. ಮೇಲ್ಬಾಯಿ ಕೈಗೆ ತರಚದ ಹಾಗೆ ಹಳೇ ಸೈಕಲ್ ಟ್ಯೂಬ್ ಹೊಲಿದ್ವಿ. ಅಜ್ಜ ತಿರುಗಿಸಿ ತಿರುಗಿಸಿ ನೋಡಿ, "ನೀರಿಗೆ ಹಾಕಬಹುದು," ಅಂದ. ಇಷ್ಟು ದೊಡ್ಡ ಡಿಸ್ಟಿಂಕ್ಷನ್ ನಮಗೆ ಯಾವ ಸೆಮಿಸ್ಟರ್‌ನಲ್ಲೂ ಬಂದಿಲ್ಲ.

ಕೆರೆಬೇಟೆ ಏಪ್ರಿಲ್ ಕೊನೆಯ ಭಾನುವಾರ. ಇಂಟರ್ನಲ್ಸ್ ಮುಂದಿನ ವಾರವೇ ಇತ್ತು, ಶನಿವಾರ ಸಂಜೆ ಬಸ್ ಹತ್ತಿದ್ವಿ. ಅಜ್ಜ ಏರಿವರೆಗೂ ಬರ್ತೀನಿ ಅಂದಿದ್ದ. ಬೆಳಿಗ್ಗೆ ಎದ್ದವನು ಅಂಗಳದವರೆಗೆ ಬಂದು, "ನೀವು ಹೋಗಿ. ಆ ಜಾತ್ರೇಲಿ ನಾನು ಕೋಲು ಊರಿಕೊಂಡು ಎಂತಾ ಮಾಡಾದು," ಅಂತ ವಾಪಸ್ ಜಗಲಿಗೆ ಹೋದ. ಎಲ್ಲರೂ ಅಜ್ಜನ ಕೈ ನೋಡ್ತಾರೆ ಅನ್ನೋದೇ ಕಾರಣ ಅಂತ ಅಜ್ಜಿ ಆಮೇಲೆ ಹೇಳಿದಳು.

ಏರಿ ಮೇಲೆ ಜನವೋ ಜನ. ಶಿರಾಳಕೊಪ್ಪ ಕಡೆಯಿಂದ, ಆನವಟ್ಟಿ ಕಡೆಯಿಂದ, ಸಾಗರದಿಂದ ಟ್ರ್ಯಾಕ್ಟರ್, ಟಾಟಾ ಏಸ್, ಬೈಕು. ಐಸ್‌ಕ್ರೀಮ್ ಗಾಡಿ, ಮಂಡಕ್ಕಿ ಮಿರ್ಚಿ ಅಂಗಡಿ. ಸಾವಿರ ಕೂಣಿಯಾದರೂ ಇತ್ತು ಅಂತ ನಮ್ಮ ಅಂದಾಜು. ಕೂಣಿಗೆ 600 ರೂಪಾಯಿ ಕಟ್ಟಿ ಚೀಟಿ ತಗೊಂಡ್ವಿ. ಕೆಲವರು ನಮ್ಮ ಕೂಣಿಯ ಸೈಕಲ್ ಟ್ಯೂಬ್ ನೋಡಿ ನಕ್ಕರು. ಒಬ್ಬ ಮುದುಕ ಮಾತ್ರ ಹತ್ತಿರ ಬಂದು, ಕಡ್ಡಿಯ ತಲೆ ಸವರಿ, "ಇದು ಯಾರ ಕಟ್ಟು?" ಅಂತ ಕೇಳಿದ. ಅಜ್ಜನ ಹೆಸರು ಹೇಳಿದ್ವಿ. "ಅದೇ ಅಂದ್ಕಂಡೆ. ಕೈ ಹೆಂಗಿದೆ ಈಗ?" ಅಂದ.

ಗಂಗಮ್ಮನಿಗೆ ಪೂಜೆ ಆಯ್ತು, ತೆಂಗಿನಕಾಯಿ ಒಡೆದರು. ಆಮೇಲೆ ಗರ್ನಾಲು ಹೊಡೆದರು. ಆ ಸದ್ದಿನ ಹಿಂದೆಯೇ ಇಡೀ ಏರಿ ಕೆರೆಗೆ ಜಾರಿದ ಹಾಗಾಯ್ತು. ಕೂಗು, ಕೇಕೆ. ನಾವೂ ಓಡಿದ್ವಿ. ಹತ್ತನೇ ಹೆಜ್ಜೆಗೆ ಒಬ್ಬನ ಕಾಲು ಕೆಸರಲ್ಲಿ ಹೂತು ಹೋಯ್ತು. ಎಳೆದಷ್ಟೂ ಒಳಗೆ ಹೋಗುತ್ತೆ. ಹಿಮ್ಮಡಿ ಅಲ್ಲಾಡಿಸಿ ಗಾಳಿ ಬಿಟ್ಟರೆ ಮಾತ್ರ ಕಾಲು ಬರುತ್ತೆ ಅಂತ ಮಾವ ಹಿಂದಿನಿಂದ ಕೂಗಿ ಹೇಳಿದ.

ಮೊದಲ ಹತ್ತು ನಿಮಿಷ ಕೆರೆಯಲ್ಲಿ ಮೀನು ಕಾಣೋದೇ ಇಲ್ಲ. ಸಾವಿರಾರು ಕಾಲು ತುಳಿದು ತುಳಿದು ನೀರು ಸಾರಿನ ಹಾಗೆ ಆದಮೇಲೆ ಮೇಲೆ ಬರ್ತವೆ. ಇದರ ಹಿಂದೆ ಕೆಮಿಸ್ಟ್ರಿ ಇದೆ. 20 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗುತ್ತೆ, 30 ಡಿಗ್ರಿಗೆ ಅದು 7.5ಕ್ಕೆ ಇಳಿಯುತ್ತೆ. ಬೇಸಿಗೆಯಲ್ಲಿ ಮೊದಲೇ ಕಡಿಮೆ. ಅದರ ಮೇಲೆ ಕೊಳೆತ ಕೆಸರು ಕದಡಿದರೆ ಉಳಿದದ್ದೂ ಖರ್ಚಾಗುತ್ತೆ. ಮೀನು ಉಸಿರಿಗಾಗಿ ಮೇಲೆ ಬಂದು ಬಾಯಿ ತೆರೆಯುತ್ತೆ. ವಿಡಿಯೋದ ಸ್ಕಾಟ್ಲೆಂಡಿನವನು ತಣ್ಣಗಿನ ನದಿಯಲ್ಲಿ ಮೀನಿಗೆ ಗೊತ್ತಾಗದ ಹಾಗೆ ಉಸಿರು ಬಿಗಿ ಹಿಡಿದು ನಿಂತಿರ್ತಾನೆ. ಇಲ್ಲಿ ಊರಿಗೆ ಊರೇ ಕೂಗಿ ಮೀನನ್ನು ಎಬ್ಬಿಸುತ್ತೆ. ಅಲ್ಲಿ ಒಬ್ಬ ಮನುಷ್ಯ, ಒಂದು ಮೀನು. ಇಲ್ಲಿ ಒಬ್ಬನೇ ಇಳಿದ್ರೆ ಏನೂ ಸಿಗಲ್ಲ, ಪಕ್ಕದವನು ಓಡಿಸಿದ ಮೀನೇ ನಮ್ಮ ಕೂಣಿಗೆ ಬರಬೇಕು.

ನಮ್ಮ ಕೂಣಿಗೆ ಬರಲಿಲ್ಲ, ಅದು ಬೇರೆ ಮಾತು. ನೂರು ಸಲ ಊರಿದ್ವಿ. ಒಂದು ಸಲ ಠಪ್ ಅಂತ ಬಡೀತು. ಆ ಬಡಿತ ಅಂಗೈಯಿಂದ ಭುಜದವರೆಗೆ ಬಂತು. ಒಬ್ಬ ಕೂಣಿ ಒತ್ತಿ ಹಿಡಿದ, ಇನ್ನೊಬ್ಬ ಕೈ ಹಾಕಿದ. ಕಲ್ಲಿನಷ್ಟು ಗಟ್ಟಿಯಾದ ಬೆನ್ನು, ನುಣ್ಣಗೆ, ಕೊರವ ಇರಬೇಕು. ಕಿವಿರಿಗೆ ಬೆರಳು ಹಾಕಬೇಕು ಅಂತ ಅಜ್ಜ ಹತ್ತು ಸಲ ಹೇಳಿದ್ದ. ಕಿವಿರು ಯಾವ ಕಡೆ ಅಂತ ಹುಡುಕೋದರಲ್ಲಿ ಕೂಣಿ ಸ್ವಲ್ಪ ಓರೆ ಆಯ್ತು. ಅಷ್ಟೇ. ಕೆಳಗಿನಿಂದ ಜಾರಿಕೊಂಡು ನಮ್ಮ ಕಾಲ ಮೇಲೇ ಹಾದು ಹೋಯ್ತು. ಪಕ್ಕದ ಹುಡುಗ, ಹದಿನಾಲ್ಕು ವರ್ಷ ಇರಬಹುದು, ದಬಕ್ ಅಂತ ಕೂಣಿ ಊರಿ ಅದನ್ನೇ ಹಿಡಿದ. ನಮ್ಮನ್ನು ನೋಡಿ ಹಲ್ಲು ಕಿರಿದ.

ಈ ಸಲ ಮೀನೂ ಕಡಿಮೆ. ಮಾವನಂಥ ಹಳೇ ಕೈಗೇ ಸಿಕ್ಕಿದ್ದು ಎರಡು ಗೆಂಡೆ, ಜೊತೆಗೆ ಒಂದು ಚೇಳು ಮೀನಿನ ಕುಟುಕು. ಹಿಂದಿನ ರಾತ್ರಿಯೇ ಯಾರೋ ಬಲೆ ಎಳೆದಿದ್ದಾರೆ ಅನ್ನೋ ಗುಸುಗುಸು ಹಬ್ಬಿತು. ಏರಿ ಮೇಲೆ ಸಣ್ಣ ಜಗಳವೂ ಆಯ್ತು. "ಇದೆಲ್ಲ ತಲೆಬಿಸಿ ಬೇಡ, ಮುಂದಿನ ವರ್ಷದಿಂದ ಹರಾಜು ಹಾಕಿ ಒಬ್ಬನಿಗೇ ಕೊಟ್ಟುಬಿಡಾನ, ದುಡ್ಡೂ ಒಟ್ಟಿಗೆ ಬರ್ತದೆ," ಅಂತ ಕಮಿಟಿಯ ಒಬ್ಬರು ಹೇಳ್ತಿದ್ದರು. ಬೇಡ ಅಂದವರೂ ಇದ್ದರು. ಕೈಲಿ ಮೀನು ಇಲ್ಲದವರು ಜೋರಾಗಿ ಮಾತಾಡೋದು ಕಷ್ಟ. ನಾವು ಸುಮ್ಮನಿದ್ವಿ.

ಹನ್ನೊಂದು ಗಂಟೆಗೆ ಎಲ್ಲ ಮುಗೀತು. ನಮ್ಮ ಚೀಲದಲ್ಲಿ ಇದ್ದದ್ದು ಒಂದೇ ಒಂದು ಜಿಲೇಬಿ ಮೀನು. ಅಂಗೈ ಅಗಲ. ಅದೂ ಕೂಣಿ ಎತ್ತುವಾಗ ಕೆಸರಿನ ಜೊತೆ ಸಿಕ್ಕಿಹಾಕಿಕೊಂಡು ಬಂದದ್ದು. 600 ರೂಪಾಯಿ ಕೊಟ್ಟು, ಮೂರು ದಿನ ಬಿದಿರು ಕೆತ್ತಿ, ಇಂಟರ್ನಲ್ಸ್ ಓದು ಬಿಟ್ಟು, ಒಂದು ಜಿಲೇಬಿ.

ಈಗ ಹೇಳೋಕೆ ನಾಚಿಕೆ ಆಗುವ ಭಾಗ. ಅಜ್ಜ ಜಗಲಿ ಮೇಲೆ ಕಾಯ್ತಿರ್ತಾನೆ. ಅಜ್ಜನ ಕೂಣಿಗೆ ಮೀನು ಬೀಳಲಿಲ್ಲ ಅಂತ ಹೇಗೆ ಹೇಳೋದು? ಕೈ ಹೋದ ವರ್ಷವೇ ಕೂಣಿಯ ಹೆಸರೂ ಹೋಯ್ತು ಅಂದ್ಕೊಂಡ್ರೆ? ಏರಿ ಮೇಲೆ ಮಾರ್ತಿದ್ದವರು ಕೆ.ಜಿ.ಗೆ 500 ಕೇಳಿದರು. ಕೆರೆಬೇಟೆ ಮೀನು ಅಂದ್ರೆ ಹಾಗೇ. ನಮ್ಮ ಹತ್ತಿರ ಅಷ್ಟು ಇರಲಿಲ್ಲ. ಮಾವನ ಬೈಕ್ ತಗೊಂಡು ಪೇಟೆಗೆ ಹೋಗಿ, ಅಂಗಡಿಯಲ್ಲಿ ಒಂದೂವರೆ ಕೆ.ಜಿ.ಯ ಕಾಟ್ಲಾ ಕೊಂಡ್ವಿ. ದಾರಿಯಲ್ಲಿ ಬೈಕ್ ನಿಲ್ಲಿಸಿ, ಒಂದು ಗದ್ದೆ ಬದುವಿನ ಹೊಂಡದಲ್ಲಿ ಅದಕ್ಕೆ ಚೆನ್ನಾಗಿ ಕೆಸರು ಮೆತ್ತಿದ್ವಿ. ಇಬ್ಬರು ಇಂಜಿನಿಯರಿಂಗ್ ವಿದ್ಯಾರ್ಥಿಗಳು ನಡುಮಧ್ಯಾಹ್ನ ಸತ್ತ ಮೀನಿಗೆ ಮೇಕಪ್ ಮಾಡ್ತಾ ಕೂತಿದ್ದನ್ನು ಒಂದು ಎಮ್ಮೆ ನೋಡಿದೆ.

ಮನೆಗೆ ಬಂದು ಅಜ್ಜನ ಮುಂದೆ ಇಟ್ವಿ. "ನಿನ್ನ ಕೂಣಿಗೆ ಬಿತ್ತು ಅಜ್ಜಾ."

ಅಜ್ಜನ ಮುಖ ಅರಳಿತು. ಅದು ಸುಳ್ಳಲ್ಲ, ನಾವು ನೋಡಿದ್ದೀವಿ. ಎಡಗೈಯಿಂದ ಮೀನನ್ನು ಹತ್ತಿರ ಎಳೆದುಕೊಂಡ. ಬೆನ್ನು ಸವರಿದ. ಕಣ್ಣು ನೋಡಿದ. ಆಮೇಲೆ ಹೆಬ್ಬೆರಳಲ್ಲಿ ಕಿವಿರು ಎತ್ತಿದ. ಒಂದು ಸಲ ಮುಟ್ಟಿ ನೋಡಿದ, ಇನ್ನೊಂದು ಸಲ ಮುಟ್ಟಿ ನೋಡಿದ.

"ಕೆರೆಯಲ್ಲಿ ಐಸ್ ಇತ್ತೇನ್ರೋ?"

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. ನಾವು ನೆಲ ನೋಡಿದ್ವಿ. ಕದಡಿದ ಕೆರೆಯ ಮೀನು ಉಸಿರಿಗಾಗಿ ಕೆಸರು ನೀರನ್ನೇ ಎಳೆದುಕೊಂಡಿರುತ್ತೆ, ಹಾಗಾಗಿ ಕಿವಿರಿನ ಒಳಗೆಲ್ಲ ಕೆಸರು ತುಂಬಿರುತ್ತೆ ಅಂತ ಅಜ್ಜ ಆಮೇಲೆ ವಿವರಿಸಿದ. ನಾವು ಮೆತ್ತಿದ್ದು ಹೊರಗೆ ಮಾತ್ರ. ಒಳಗೆ ತೊಳೆದ ಹಾಗೆ ಸ್ವಚ್ಛ, ಇನ್ನೂ ತಣ್ಣಗಿತ್ತು. ಆಮ್ಲಜನಕದ ಲೆಕ್ಕ ಗೊತ್ತಿದ್ದವರಿಗೆ ಇಷ್ಟು ಹೊಳೀಲಿಲ್ಲ ನೋಡಿ.

ಬೈತಾನೆ ಅಂದ್ಕೊಂಡ್ವಿ. ಬೈಯಲಿಲ್ಲ. ಅದೇ ಕಷ್ಟ ಆಗಿದ್ದು. "ನನಗೆ ಬೇಜಾರಾಗ್ತದೆ ಅಂತ ತಂದ್ರಾ?" ಅಂತ ಕೇಳಿದ. ಹ್ಞೂಂ ಅಂದ್ವಿ. "ನಾನು ಎಷ್ಟು ವರ್ಷ ಬರೀ ಚೀಲ ತಂದಿದ್ದೀನಿ, ನಿಮ್ಮ ಅಜ್ಜಿ ಹತ್ರ ಕೇಳಿ. ಕೂಣಿ ಇದ್ದವರಿಗೆಲ್ಲ ಮೀನು ಸಿಗ್ತದೆ ಅಂದ್ರೆ ಅದಕ್ಕೆ ಬೇಟೆ ಅಂತಾರಾ?" ಸ್ವಲ್ಪ ಹೊತ್ತು ಸುಮ್ಮನಿದ್ದು, "ಏನೂ ಸಿಗಲಿಲ್ವಾ, ನಿಜ ಹೇಳಿ," ಅಂದ.

ಚೀಲದ ತಳದಿಂದ ಜಿಲೇಬಿ ತೆಗೆದು ಕೊಟ್ವಿ. ಅಜ್ಜ ಅದರ ಕಿವಿರನ್ನೂ ಎತ್ತಿ ನೋಡಿದ. ಬೆರಳಿಗೆ ಕಪ್ಪು ಕೆಸರು ಹತ್ತಿತು. "ಇದು ನಮ್ಮ ಕೆರೇದು," ಅಂದ. ಹೇಗೆ ಹಿಡಿದ್ರಿ, ಎಲ್ಲಿ, ತೂಬಿನ ಹತ್ತಿರವಾ, ಕೋಡಿ ಕಡೆಯಾ, ಕೊರವ ಹೇಗೆ ತಪ್ಪಿಸಿಕೊಳ್ತು, ಎಲ್ಲ ಕೇಳಿದ. ನಾವು ಎಲ್ಲ ಹೇಳಿದ್ವಿ. ಕೂಣಿ ಓರೆ ಆದ ಜಾಗಕ್ಕೆ ಬಂದಾಗ ಕಣ್ಣು ಮುಚ್ಚಿ "ಅಯ್ಯೋ ಮಾರಾಯ" ಅಂದ, ತನ್ನ ಕೈಯಿಂದಲೇ ಜಾರಿತು ಅನ್ನೋ ಹಾಗೆ. ಅವತ್ತು ಅಜ್ಜ ಲಕ್ವ ಹೊಡೆದ ಮೇಲೆ ಮೊದಲ ಸಲ ಅಷ್ಟು ಹೊತ್ತು ಮಾತಾಡಿದ್ದು ಅಂತ ಅಜ್ಜಿ ಹೇಳಿದಳು.

ಮಧ್ಯಾಹ್ನ ಕಾಟ್ಲಾ ಸಾರು ಆಯ್ತು, ನಾವೂ ಮಾವನೂ ಉಂಡ್ವಿ. ಜಿಲೇಬಿಯನ್ನು ಅಜ್ಜಿ ಖಾರ ಹಚ್ಚಿ ಕಾವಲಿ ಮೇಲೆ ಹುರಿದು ಅಜ್ಜನ ತಟ್ಟೆಗೆ ಹಾಕಿದಳು. ಎಡಗೈಯಲ್ಲಿ ಮುಳ್ಳು ಬಿಡಿಸೋಕೆ ಅಜ್ಜನಿಗೆ ಬಹಳ ಹೊತ್ತು ಬೇಕಾಯ್ತು. ಬಿಡಿಸಿಕೊಡೋಕೆ ಹೋದ್ರೆ ಬೇಡ ಅಂದ. ಎಲ್ಲರದೂ ಊಟ ಆದಮೇಲೂ ಕೂತು ತಿಂದ.

ಇದನ್ನು ಬರೆಯುವಾಗ ಊರಲ್ಲಿ ಮಳೆ ಹಿಡಿದಿದೆ. ಹೊಸ ನೀರಿಗೆ ಮೀನುಗಳು ಹೊಳೆಯಿಂದ, ಕೆರೆಯಿಂದ ಹರಿವಿಗೆ ಎದುರಾಗಿ ಗದ್ದೆಗಳಿಗೆ ಹತ್ತುವ ಕಾಲ. ನಮ್ಮ ಕಡೆ ಹತ್ತು ಮೀನು ಅಂತಾರೆ. ಮೊಟ್ಟೆ ಇಡೋಕೆ ಹೋಗ್ತವೆ. ಸಾಲ್ಮನ್ ಸಮುದ್ರದಿಂದ ನದಿಗೆ ಹತ್ತೋದೂ ಇದೇ ಕಾರಣಕ್ಕೆ. ಮೊಟ್ಟೆ ತುಂಬಿದ ಮೀನು ಹಿಡಿಯೋದು ಪಾಪ ಅಂತ ಅಜ್ಜ ಈಗ ಹೇಳ್ತಾನೆ. ವಯಸ್ಸಿನಲ್ಲಿ ಎಷ್ಟು ಹಿಡಿದಿದ್ದ ಅಂತ ಅಜ್ಜಿ ಬೆರಳು ಮಡಚಿ ಲೆಕ್ಕ ಕೊಡ್ತಾಳೆ.

ಹರಾಜಿನ ವಿಷಯ ಇನ್ನೂ ಇತ್ಯರ್ಥ ಆಗಿಲ್ಲ. ಮಾವ ಮೀಟಿಂಗ್‌ಗೆ ಹೋಗಿ ಬೇಡ ಅಂತ ಹೇಳಿ ಬಂದಿದ್ದಾನಂತೆ. ಕೆರೆ ಒಬ್ಬನ ಕೈಗೆ ಹೋದ್ರೆ ಅವನು ಬಲೆ ಎಳೆದು ಲಾರಿಗೆ ತುಂಬ್ತಾನೆ, ಅದರಲ್ಲಿ ತಪ್ಪೇನೂ ಇಲ್ಲ, ವ್ಯಾಪಾರ. ಆದರೆ ಆಮೇಲೆ ಕೂಣಿ ಯಾಕೆ ಬೇಕು? ಕೂಣಿ ಬೇಡ ಅಂದಮೇಲೆ ತಲೆ ಸಣ್ಣ, ಬುಡ ದಪ್ಪ ಅಂತ ಕೆತ್ತೋದು ಯಾರಿಗೆ ಬೇಕು?

ನಮ್ಮ ಕೂಣಿ ಈಗ ಅಜ್ಜನ ಮನೆ ಅಟ್ಟದಲ್ಲಿದೆ, ಒಲೆಯ ಹೊಗೆ ತಾಗುವ ಜಾಗದಲ್ಲಿ. ಹೊಗೆ ಕುಡಿದ ಬಿದಿರಿಗೆ ಕುಟ್ಟೆ ಹಿಡಿಯಲ್ಲವಂತೆ. ಹೋದ ವಾರ ಫೋನ್ ಮಾಡಿದಾಗ ಅಜ್ಜ, "ಮುಂದಿನ ಸಲ ಬೆತ್ತದಲ್ಲಿ ಕಟ್ಟಾದು ಹೇಳಿಕೊಡ್ತೀನಿ, ಆ ನೈಲಾನು ನೋಡಕಾಗಲ್ಲ," ಅಂದ. ಮಂಡ್ಯದ ರೂಮ್‌ಮೇಟ್ ತನಗೂ ಒಂದು ಕೂಣಿ ಬೇಕು ಅಂತ ಬುಕ್ ಮಾಡಿದ್ದಾನೆ. ಅವನ ಗೇಣು ಅಳೆದು ಇಟ್ಟುಕೊಂಡಿದ್ದೀವಿ. 24 ಸೆಂ.ಮೀ. ದೊಡ್ಡ ಕೂಣಿಯೇ ಬೇಕಾಗುತ್ತೆ.

ಮುಂದಿನ ಯುಗಾದಿಗೆ ಬರೋ ಮನಸ್ಸಿರೋರು ಕನ್ನಡ ಸಂಘದ ರೂಮಿನಲ್ಲಿ ಸಿಗಿ. ಗೇಣು ಅಳೀತೀವಿ. ಮೀನು ಸಿಗುತ್ತೆ ಅಂತ ಮಾತ್ರ ಹೇಳಲ್ಲ.